ಬೇವಿನ ಗಿಡದ ಬುತ್ತಿ ದಾರಿ

ನುಗ್ಗೆಕಾಯಿ ಸಾರು ಮಾಡಿದ ದಿನ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳ ಖಾಯಂ. ಕಾಯಿಯನ್ನು ಹಲ್ಲಿನಲ್ಲಿ ಎಳೆದು, ತಿರುಳು ನುಂಗಿ, ಉಳಿದ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಇಡುವುದು ಲೋಕದ ಪದ್ಧತಿ. ನಾನು ಮಾತ್ರ ಅದರ ಒಂದು ನಾರು ಬಿಡಿಸಿ, ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಜಗ್ಗಿ ನೋಡುತ್ತೇನೆ. ಎಷ್ಟು ಗಟ್ಟಿ ಇದೆಯಲ್ಲ ಎಂದು ಬೆರಗಾಗುತ್ತೇನೆ. ಪಕ್ಕದಲ್ಲಿ ಯಾರಾದರೂ ಉಣ್ಣುತ್ತ ಕೂತಿದ್ದರೆ ಅವರಿಗೂ ತೋರಿಸುತ್ತೇನೆ. ನನ್ನ ಹೆಂಡತಿ ಶೋಭಾ ಸೌಟು ಹಿಡಿದು ನಿಂತವಳು, "ಊಟದ ಹೊತ್ತಿನ್ಯಾಗ ಸಾಲಿ ಬ್ಯಾಡ್ರಿ. ಮೊದ್ಲ ಉಣ್ರಿ, ಸಾರು ಆರಾಕ ಹತ್ತೇತಿ" ಎನ್ನುತ್ತಾಳೆ.

ತಪ್ಪು ಪೂರ್ತಿ ನನ್ನದಲ್ಲ. ರಾಮದುರ್ಗದ ಹೈಸ್ಕೂಲೊಂದರಲ್ಲಿ ವರ್ಷವರ್ಷವೂ ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಸಸ್ಯಗಳ ಅಂಗಾಂಶದ ಪಾಠ ಮಾಡಿದವನಿಗೆ ತಟ್ಟೆಯಲ್ಲಿ ಪಲ್ಯಕ್ಕಿಂತ ಮೊದಲು ಪಾಠವೇ ಕಾಣುತ್ತದೆ. ಬಟಾಟೆ ಪಲ್ಯ ಎಂದರೆ ಪ್ಯಾರೆಂಕೈಮಾ. ತೆಳು ಗೋಡೆಯ ಕೋಶಗಳು, ಹೊಟ್ಟೆ ತುಂಬ ಪಿಷ್ಟ ಇಟ್ಟುಕೊಂಡು ಯಾರ ಗೊಡವೆಗೂ ಹೋಗದ ಸಂಭಾವಿತರು. ಕೊತ್ತಂಬರಿ ದಂಟು ಗಾಳಿಗೆ ಬಾಗಿದರೂ ಪಟಕ್ಕನೆ ಮುರಿಯುವುದಿಲ್ಲವಲ್ಲ, ಅದು ಕೋಲೆಂಕೈಮಾದ ಉಪಕಾರ. ಪೇರಲಹಣ್ಣು ಕಡಿದಾಗ ಬೀಜದ ಹೊರತಾಗಿಯೂ ಹಲ್ಲಿಗೆ ಮರಳಿನ ಹಾಗೆ ಸಿಗುವ ಕಣಗಳು ಸ್ಕ್ಲೀರೆಂಕೈಮಾ. ಗೋಡೆ ದಪ್ಪ ಮಾಡಿಕೊಳ್ಳುತ್ತ ಹೋಗಿ ಕೊನೆಗೆ ಒಳಗೇ ಸತ್ತುಹೋದ ಕೋಶಗಳು. ಮೂರೂ ಹೆಸರು ‘ಕೈಮಾ’ದಲ್ಲಿ ಮುಗಿಯುವುದರಿಂದ ಹುಡುಗರು ನನಗೆ ಕೈಮಾ ಮಾಸ್ತರ ಎಂದು ನಾಮಕರಣ ಮಾಡಿದ್ದಾರೆ. ಲಿಂಗ ಕಟ್ಟಿಕೊಂಡು ಬೆಳೆದವನಿಗೆ ಕೊಚ್ಚಿದ ಮಾಂಸದ ಹೆಸರು ಅಂಟಿತಲ್ಲ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಈ ನಾರಿನ ಹುಚ್ಚು ಹತ್ತಿದ್ದು ನಮ್ಮೂರು ಮುರಗೋಡದಲ್ಲಿ, ಚಿಕ್ಕಂದಿನಲ್ಲಿ. ನಮ್ಮ ಕಡೆ ಪುಂಡಿಪಲ್ಯ ತಿನ್ನದ ಮನೆ ಇಲ್ಲ ಎಂಬುದು ನಿಮಗೆ ಗೊತ್ತು. ಎಲೆ ತಿಂದು ಮುಗಿದ ಮೇಲೆ ಪುಂಡಿ ಗಿಡಗಳು ಹೊಲದ ಬದುವಿನ ಮೇಲೆ ಆಳೆತ್ತರ ನಿಂತಿರುತ್ತಿದ್ದವು. ಅಪ್ಪ ಅವನ್ನು ಕೊಯ್ದು ಸಿವುಡು ಕಟ್ಟಿ, ಹಳ್ಳದ ನಿಂತ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಬರುತ್ತಿದ್ದ. ಅವು ಕೊಳೆತಾಗ ಬರುವ ವಾಸನೆ ಎಂಥದು ಅಂತೀರಿ! ಆ ದಿಕ್ಕಿನಿಂದ ಗಾಳಿ ಬಂದರೆ ಎಮ್ಮೆಗಳೂ ಮುಖ ತಿರುಗಿಸುತ್ತಿದ್ದವು. ನನಗೆ ಮಾತ್ರ ಅಪ್ಪನ ಜೊತೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಕಡ್ಡಿಯಿಂದ ತೊಗಟೆಯನ್ನು ಸರ್ರನೆ ಎಳೆಯುವುದೇ ಹಬ್ಬ. ಕೆಸರು ತೊಳೆದರೆ ಕೈಯಲ್ಲಿ ಬೆಳ್ಳಗಿನ ನಾರು ಉಳಿಯುತ್ತಿತ್ತು. ಅದರಿಂದ ಅಪ್ಪ ಎತ್ತಿನ ಹಗ್ಗ ಹೊಸೆಯುತ್ತಿದ್ದ. ವಾಸನೆ ಹೋಗುವವರೆಗೆ ಅವ್ವ ನಮ್ಮಿಬ್ಬರಿಗೂ ಪಡಸಾಲೆಯಲ್ಲೇ ಊಟ ಹಾಕುತ್ತಿದ್ದಳು.

ಆ ನಾರು ಫ್ಲೋಯಂ ಎಂಬ ಅಂಗಾಂಶದ ಪಾಲು ಎಂದು ಗೊತ್ತಾದದ್ದು ತೊಂಬತ್ತರ ದಶಕದ ಮೊದಲಲ್ಲಿ, ಬೈಲಹೊಂಗಲದಲ್ಲಿ ಪಿಯುಸಿ ಓದುವಾಗ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಅರ್ಧ ಬ್ಲೇಡು ಕೊಟ್ಟು ಎಳೆ ಕಾಂಡವನ್ನು ತೆಳ್ಳಗೆ ಕೊಯ್ಯಿರಿ ಎನ್ನುತ್ತಿದ್ದರು. ಎಷ್ಟು ತೆಳ್ಳಗೆ? ನೀರಿನಲ್ಲಿ ಬಿಟ್ಟರೆ ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಅಷ್ಟು. ನಾನು ಕೊಯ್ದದ್ದನ್ನು ನೋಡಿ ನಮ್ಮ ಸರ್, "ಇದಕ್ಕ ಉಪ್ಪು ಖಾರ ಹಚ್ಚಿದ್ರ ಕೋಸಂಬರಿ ಆಗ್ತೈತಲ್ಲೋ" ಎಂದರು. ಬೆರಳು ಕೊಯ್ದುಕೊಂಡು, ಅದರ ಮೇಲೆ ಸಫ್ರಾನಿನ್ ಎಂಬ ಕೆಂಪು ಬಣ್ಣ ಚೆಲ್ಲಿಕೊಂಡು, ಯಾವುದು ರಕ್ತ ಯಾವುದು ಬಣ್ಣ ತಿಳಿಯದೆ ಒದ್ದಾಡಿ, ಕೊನೆಗೊಂದು ದಿನ ಸೂರ್ಯಕಾಂತಿಯ ದಂಟಿನ ತೆಳು ಬಿಲ್ಲೆಯೊಂದು ನನ್ನ ಕೈಯಿಂದಲೂ ಬಂತು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಕಡ್ಡಿಯೊಳಗೆ ರಂಗೋಲಿ! ಸುತ್ತಲೂ ಗೊಂಚಲು ಗೊಂಚಲಾಗಿ ಕೊಳವೆಗಳು, ಒಳಮಗ್ಗಲು ನೀರು ಏರಿಸುವ ಕ್ಸೈಲಂ, ಹೊರಮಗ್ಗಲು ಊಟ ಇಳಿಸುವ ಫ್ಲೋಯಂ. ಹಿಂದೆ ಸರತಿಯಲ್ಲಿ ನಿಂತಿದ್ದ ಹುಡುಗರು ಅಂಗಿ ಹಿಡಿದು ಎಳೆಯುವವರೆಗೂ ನಾನು ಕಣ್ಣು ತೆಗೆಯಲಿಲ್ಲ.

ಆ ವಾರ ಊರಿಗೆ ಹೋದವನು ಬೆಳಿಗ್ಗೆ ಅವ್ವನ ಕೈಯಿಂದ ರಂಗೋಲಿ ಬಟ್ಟಲು ಕಸಿದುಕೊಂಡು ಬಾಗಿಲ ಮುಂದೆ ಸೂರ್ಯಕಾಂತಿಯ ದಂಟನ್ನು ಬರೆದೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದು ಯಾವ ದೇವರ ಮಂಡಲೋ ತಮ್ಮಾ?"

"ದೇವರಲ್ಲ ಯವ್ವಾ, ಸೂರ್ಯಕಾಂತಿ ದಂಟಿನ ಹೊಟ್ಟಿ."

"ಹೊಟ್ಟಿ ಇಷ್ಟ ಚೆಂದ ಐತಿ ಅಂದ್ರ ದೇವರೂ ಅಲ್ಲೇ ಇರಬೇಕ ತಗೋ" ಎಂದು ನನ್ನ ಕ್ಸೈಲಮ್ಮಿಗೆಲ್ಲ ಅರಿಷಿಣ, ಫ್ಲೋಯಮ್ಮಿಗೆಲ್ಲ ಕುಂಕುಮ ತುಂಬಿದಳು. ಪರೀಕ್ಷೆಯಲ್ಲಿ ಬಣ್ಣದ ಪೆನ್ಸಿಲ್ಲು ಹಿಡಿದಾಗ ನನಗೆ ಅದೇ ನೆನಪಾಗಿ ಹಾಗೇ ತುಂಬಿ ಬಂದೆ.

ಅವ್ವನ ವಿಷಯ ಬಂತೆಂದರೆ ಬೇವಿನ ಗಿಡದ ವಿಷಯ ಬರಲೇಬೇಕು. ಮದುವೆಯಾಗಿ ಬಂದ ವರ್ಷ ಹಿತ್ತಲಲ್ಲಿ ತಾನಾಗಿ ಎದ್ದ ಸಸಿಗೆ ಮುಳ್ಳುಬೇಲಿ ಕಟ್ಟಿ ನೀರು ಹಾಕಿ ಬೆಳೆಸಿದವಳು ಆಕೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಹಿತ್ತಲನ್ನೆಲ್ಲ ಆವರಿಸಿತ್ತು. ನಾನು ಚಿಕ್ಕವನಿದ್ದಾಗ ನನ್ನ ನೆತ್ತಿಯ ಮಟ್ಟಕ್ಕೆ ಅದರಲ್ಲೊಂದು ಮೊಳೆ ಹೊಡೆದಿದ್ದೆ. ಮುಂದಿನ ಬೇಸಿಗೆಗೆ ನಾನು ಬೆಳೆದಿದ್ದೆ, ಗಿಡವೂ ಬೆಳೆದಿತ್ತು, ಮೊಳೆ ಮಾತ್ರ ಇದ್ದಲ್ಲೇ ಇತ್ತು. ನಾನು ಮೋಸ ಹೋದವನಂತೆ ಅತ್ತೆ. ಎತ್ತರ ಬೆಳೆಯುವ ಕೆಲಸವೆಲ್ಲ ತುದಿಯ ವರ್ಧನ ಅಂಗಾಂಶದ್ದು, ಬೊಡ್ಡೆ ದಪ್ಪ ಆಗುತ್ತದೆಯೇ ಹೊರತು ಮೇಲೇಳುವುದಿಲ್ಲ ಎಂದು ಆಗ ಯಾರು ಹೇಳಬೇಕು? ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಅದರ ಕೆಳಗೆ ಶಾವಿಗೆ ಹೊಸೆಯಲು ಕೂಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವನ ಮಧ್ಯಾಹ್ನಗಳೆಲ್ಲ ಅದೇ ನೆರಳಿನಲ್ಲಿ ಕಳೆಯುತ್ತಿದ್ದವು. ಅಣ್ಣ, ವೈನಿ, ಮೊಮ್ಮಕ್ಕಳು ಮನೆ ತುಂಬ ಇದ್ದರೂ ಆಕೆ ಜೋಳ ಹಸನು ಮಾಡುವ ಮೊರ ತೆಗೆದುಕೊಂಡು ಅಲ್ಲಿಗೇ ಹೋಗುತ್ತಿದ್ದಳು.

ಎರಡು ಸಾವಿರದ ಆಚೆಯ ವರ್ಷಗಳಲ್ಲಿ ನಮ್ಮ ಸೀಮೆಗೆಲ್ಲ ಚಿಕೂನ್‌ಗುನ್ಯಾ ಬಂತಲ್ಲ, ನಿಮಗೂ ನೆನಪಿರಬೇಕು. ಜ್ವರ ಬೇಗ ಬಿಡುತ್ತಿತ್ತು, ಕೀಲು ಮಾತ್ರ ಬಿಡುತ್ತಿರಲಿಲ್ಲ. ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಹರೆಯದ ಹುಡುಗರು ಬಸ್ಸಿನ ಮೆಟ್ಟಿಲು ಹತ್ತಲಾರದೆ ಕಂಬಿ ಹಿಡಿದು ನಿಂತಿರುತ್ತಿದ್ದರು. ಮುರಗೋಡದ ನಮ್ಮ ನೆರೆಮನೆಯ ದಸ್ತಗೀರ ಚಾಚಾ, ಟೆಂಪೋ ಡ್ರೈವರ್, ಕ್ಲಚ್ ಒತ್ತಲಾಗದೆ ಗಾಡಿ ಮನೆ ಮುಂದೆ ನಿಲ್ಲಿಸಿದ್ದ. ಕೋಳಿ ತಿಂದರೆ ಈ ಬೇನೆ ಬರುತ್ತದೆಂದು ಯಾರೋ ಎಬ್ಬಿಸಿದ್ದರು. "ನಾ ಕೋಳಿ ಬಿಟ್ಟೆ, ಆದ್ರೂ ಬಂತು. ನಿಮ್ಮ ಮಂದಿ ಹುಟ್ಟಿದಾಗಿಂದ ತಿಂದಿಲ್ಲ, ನಿಮಗೂ ಬಂತು. ಪಾಪ, ಕೋಳಿದೇನ ತಪ್ಪು ಅಕ್ಕಾರ?" ಎಂದು ಅವನು ಅವ್ವನೆದುರು ಕೋಳಿಯ ಪರವಾಗಿ ವಾದಿಸುತ್ತಿದ್ದ.

ಹಳೆಯ ಬೇವಿನ ತೊಗಟೆಯ ಕಷಾಯ ಕುಡಿದರೆ ಕೀಲು ಸಡಿಲಾಗುತ್ತವೆ ಎಂಬ ಮಾತು ಎಲ್ಲಿಂದ ಬಂತೋ. ಊರಲ್ಲಿ ಬೇವಿನ ಗಿಡಗಳಿಗೆ ಬರವಿರಲಿಲ್ಲ. ಆದರೆ ಅವ್ವನ ಕೈಗುಣ ದೊಡ್ಡದೆಂದು ಹೆಸರಿತ್ತು. ದೃಷ್ಟಿ ತೆಗೆಯುವುದು, ಕೂಸಿಗೆ ಎಣ್ಣೆ ತೀಡುವುದು ಎಲ್ಲಕ್ಕೂ ಆಕೆಯೇ ಬೇಕು. ಮೊದಲು ದಸ್ತಗೀರ ಚಾಚಾ ಬಂದ. ಆಮೇಲೆ ಓಣಿ, ಆಮೇಲೆ ಊರು. ಅವ್ವ ಇದನ್ನು ಪೂಜೆಯಷ್ಟೇ ಶಿಸ್ತಿನಿಂದ ಮಾಡುತ್ತಿದ್ದಳು. ಬೆಳಿಗ್ಗೆ ಯಾರೊಂದಿಗೂ ಮಾತಾಡದೆ ಗಿಡಕ್ಕೆ ನೀರು ಹಾಕಿ ಕೈಮುಗಿಯುವುದು, ಕುಡುಗೋಲಿನಿಂದ ಬಿಳಿ ಕಟ್ಟಿಗೆ ಕಾಣುವವರೆಗೆ ಅಂಗೈಯಗಲ ತೊಗಟೆ ಎಬ್ಬಿಸುವುದು, ಗಾಯಕ್ಕೆ ಅರಿಷಿಣ ಮೆತ್ತುವುದು. ನೋವು ಮೊಣಕಾಲಿನದಾದ್ದರಿಂದ ಗಿಡದ ಮೊಣಕಾಲಿನಿಂದಲೇ, ಅಂದರೆ ಆ ಎತ್ತರದಿಂದಲೇ ತೆಗೆಯಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬರಿಗೆ ತೆಗೆದ ಜಾಗದಲ್ಲಿ ಇನ್ನೊಬ್ಬರಿಗೆ ತೆಗೆಯಬಾರದು, ಪಕ್ಕದಲ್ಲಿ ಹೊಸ ಜಾಗದಲ್ಲಿ ತೆಗೆಯಬೇಕು. "ಗಾಯದ ಮ್ಯಾಲೆ ಗಾಯ ಮಾಡಬಾರದು. ಅದಕ್ಕೂ ಜೀವ ಐತಿ" ಎನ್ನುತ್ತಿದ್ದಳು.

ರವಿವಾರವೊಂದು ಊರಿಗೆ ಹೋದಾಗ ನಾನು ಗಿಡವನ್ನು ನೋಡಿ ನಿಂತುಬಿಟ್ಟೆ. ಆಕೆಯ ಕರುಣೆಯೆಲ್ಲ ಸೇರಿ ಬೊಡ್ಡೆಯ ಸುತ್ತ ಒಂದು ಉಂಗುರವಾಗಿತ್ತು. ಅದೇ ಒಂದು ಜಾಗದಲ್ಲಿ ನಿರ್ದಯವಾಗಿ ಮೇಲಕ್ಕೂ ಕೆಳಕ್ಕೂ ಸುಲಿದಿದ್ದರೆ ಗಿಡಕ್ಕೆ ಏನೂ ಆಗುತ್ತಿರಲಿಲ್ಲ. ಉಂಗುರ ಮುಚ್ಚಲು ಒಂದು ಪಟ್ಟಿ ಮಾತ್ರ ಬಾಕಿ ಇತ್ತು. ಅವ್ವನನ್ನು ಕರೆದು ಕೂರಿಸಿಕೊಂಡು ಒಂಬತ್ತನೇ ಇಯತ್ತೆಯ ಪಾಠವನ್ನು ಆಕೆಯ ಭಾಷೆಯಲ್ಲಿ ಹೇಳಿದೆ.

"ಬೇರು ನೀರು ಎಳದು ಒಳಗಿನ ಕಟ್ಟಿಗ್ಯಾಗಿಂದ ಮ್ಯಾಲ ಕಳಸ್ತಾವ ಯವ್ವಾ. ಎಲಿ ಅಡಗಿ ಮಾಡ್ತಾವ. ಆ ಅಡಗಿ ಕೆಳಗ ಬೇರಿಗೆ ಬರೂದು ಈ ತೊಗಟಿ ಒಳಗಿಂದ."

"ಅಂದ್ರ ಹೊಲಕ್ಕ ಬುತ್ತಿ ಒಯ್ಯೂ ದಾರಿ ಇದು."

"ಹೂಂ. ದಾರಿ ಸುತ್ತಲೂ ಕಡದು ಹೋತಂದ್ರ ಬೇರು ಉಪವಾಸ ಬೀಳ್ತಾವ. ಗಿಡ ಉಳಿಯೂದಿಲ್ಲ."

ಅವ್ವ ಬೊಡ್ಡೆಯ ಸುತ್ತ ಕೈಯಾಡಿಸುತ್ತ ಒಂದು ಸುತ್ತು ಬಂದಳು. "ಉಪವಾಸ ಬಿದ್ದರೂ ನೀರು ಕಳಸ್ತಾವೇನು?" ಎಂದು ಕೇಳಿದಳು. ಸಾಯುವವರೆಗೂ ಕಳಿಸುತ್ತವೆ, ಅದಕ್ಕೇ ಮೇಲಿನ ಎಲೆಗಳಿಗೆ ಬಹಳ ದಿನ ಏನೂ ಗೊತ್ತಾಗುವುದಿಲ್ಲ ಎಂದೆ. ಉಳಿದ ಪಟ್ಟಿಯ ಮೇಲೆ ಆಕೆ ಅಂಗೈಯಿಟ್ಟು, "ಇಷ್ಟು ಸಾಕಾಗ್ತೈತಿ?" ಎಂದಳು. "ಅದನ್ನ ಯಾರೂ ಮುಟ್ಟಲಿಲ್ಲಂದ್ರ ಸಾಕು" ಎಂದೆ. ಪಾಠ ಮಾಡಿದ್ದಕ್ಕೆ ಒಮ್ಮೆಯಾದರೂ ಪ್ರಯೋಜನವಾಯಿತಲ್ಲ ಎಂದು ಸಂಜೆಯ ಬಸ್ಸಿನಲ್ಲಿ ನನಗೆ ಸಣ್ಣ ಹೆಮ್ಮೆಯೂ ಆಯಿತು.

ಊರ ಮಂದಿಗೆ ಇಲ್ಲ ಎನ್ನುವುದು ಅವ್ವನಿಂದ ಆಗದ ಮಾತು. ಆಕೆ ಬೇರೆ ಉಪಾಯ ಹುಡುಕಿದಳು. ಮುಂದಿನ ಸಲ ನಾನು ಹೋದಾಗ ಆ ಪಟ್ಟಿಗೆ ಅಡ್ಡ ವಿಭೂತಿ ಬಳಿದು, ನಡುವೆ ಕುಂಕುಮದ ಬೊಟ್ಟಿಟ್ಟಿದ್ದಳು. ದೇವರಾದ ಮೇಲೆ ಕುಡುಗೋಲು ಹಚ್ಚುವ ಧೈರ್ಯ ಯಾರಿಗಿದೆ? ಕೇಳಲು ಬಂದವರು ಕೈಮುಗಿದು ಹೋಗತೊಡಗಿದರು. ಯಾರೋ ಹೂವೇರಿಸಿದರು. ಇನ್ಯಾರೋ ಕಾಯಿ ಒಡೆದರು. ಫ್ಲೋಯಮ್ಮಿಗೆ ತೆಂಗಿನಕಾಯಿ ಒಡೆಸಿಕೊಂಡ ಊರು ನಮ್ಮದೊಂದೇ ಇರಬೇಕು. ದಸ್ತಗೀರ ಚಾಚಾ ಕೂಡ ಆ ಕಡೆ ಹೋಗುವಾಗ ಚಪ್ಪಲಿ ಬಿಡುತ್ತಿದ್ದ. "ನನ್ನ ಮೊಣಕಾಲ ಉಳಸಿದ್ದು ಇದ ಅಲ್ಲೇನ್ರಿ ಮಾಸ್ತರ" ಎನ್ನುತ್ತಿದ್ದ. ಕಷಾಯ ಕುಡಿಯದಿದ್ದರೂ ಚಾಚಾನ ಕ್ಲಚ್ಚಿನ ಕಾಲು ತಾನಾಗಿಯೇ ನೆಟ್ಟಗಾಗುತ್ತಿತ್ತು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಆ ಜ್ವರ ರಾಮದುರ್ಗದಲ್ಲಿ ನನ್ನನ್ನೇ ಹಿಡಿಯಿತು. ಶೋಭಾ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅಣ್ಣ ಬಂದು ನನ್ನನ್ನು ಚಾಚಾನ ಟೆಂಪೋದಲ್ಲಿ ಮಲಗಿಸಿಕೊಂಡು, ತೊರಗಲ್ಲು, ಮುನವಳ್ಳಿ ಎಂದು ಪ್ರತಿ ತಗ್ಗಿನಲ್ಲೂ ನನ್ನಿಂದ ಚೀರಿಸುತ್ತ ಮುರಗೋಡಕ್ಕೆ ತಂದ. ಇಳಿಯುವಾಗ ಕಾಲು ಊರಲಾಗಲಿಲ್ಲ. ಅಂಗಳದಿಂದ ಪಡಸಾಲೆಗೆ ಕೂಸಿನ ಹಾಗೆ ತೆವಳಿಕೊಂಡೇ ಹೋದೆ. ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಮರುದಿನ ಬೆಳಿಗ್ಗೆ ಬಟ್ಟಲು ತುಂಬ ಕಹಿ ಕಷಾಯ ತಂದು ಕೊಟ್ಟಳು. ನಾನು ಯಾವುದನ್ನೂ ವಿಚಾರಿಸುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರ ಗುಳಿಗೆಯ ಮೇಲೆ ಅದನ್ನೂ ಕುಡಿದು ಮಲಗಿದೆ.

ಗೋಡೆ ಹಿಡಿದು ನಡೆಯಲು ಬಂದ ದಿನ ಹಿತ್ತಲಿಗೆ ಹೋದೆ. ವಿಭೂತಿಯ ಪಟ್ಟಿ ಇದ್ದಲ್ಲಿ ಬಿಳಿ ಕಟ್ಟಿಗೆ ಇತ್ತು, ಅದರ ಮೇಲೆ ಒಣಗಿದ ಅರಿಷಿಣ. ಉಂಗುರ ಮುಚ್ಚಿತ್ತು.

"ಏನ ಮಾಡಿದೆ ಯವ್ವಾ ಇದು? ನಾ ಹೇಳಿರಲಿಲ್ಲೇನು?"

"ಹೇಳಿದ್ದಿ."

"ಬ್ಯಾರೆ ಗಿಡ ಇರಲಿಲ್ಲೇನು ಊರಾಗ?"

"ಮನಿ ಮಗನಿಗೆ ಮಂದಿ ಗಿಡದ್ದ ತರಲೇನು? ನೀ ತೆವಳಿಕೋಂತ ಬಂದಿ. ಅದನ್ನ ಕಂಡ ಮ್ಯಾಲ ನನಗ ಬ್ಯಾರೆ ಏನೂ ಕಾಣಲಿಲ್ಲ ತಮ್ಮಾ." ಒಣಗಿದ ಅರಿಷಿಣವನ್ನು ಬೆರಳಿನಿಂದ ಸವರುತ್ತ, "ಗಿಡಕ್ಕ ಹೇಳೇ ತಗದೇನಿ" ಎಂದಳು.

ನಾನು ಪುಸ್ತಕ ಹುಡುಕಿದೆ. ಎಳೆ ಟೊಂಗೆಗಳನ್ನು ಗಾಯದ ಕೆಳಗೂ ಮೇಲೂ ಸೇರಿಸಿ ಸೇತುವೆಯ ಹಾಗೆ ಕಸಿ ಕಟ್ಟಬಹುದು ಎಂದಿತ್ತು. ಕೋಸಂಬರಿ ಕೊಯ್ದ ಕೈಯಿಂದ ಅದನ್ನೂ ಮಾಡಿದೆ. ಅವ್ವ ತನ್ನ ಹಳೆಯ ಇಳಕಲ್ಲ ಸೀರೆ ಹರಿದು ಪಟ್ಟಿ ಕಟ್ಟಿದಳು, ಮೇಲೆ ಸಗಣಿ ಮಣ್ಣು ಮೆತ್ತಿದಳು. ಒಂದು ಕಸಿಯೂ ಹತ್ತಲಿಲ್ಲ. ಕಡ್ಡಿಗಳು ಕಪ್ಪಾಗಿ ಒಣಗಿ ಉದುರಿದವು.

ಆದರೂ ಗಿಡ ಹಸಿರಾಗಿಯೇ ಇತ್ತು. ಆ ಯುಗಾದಿಗೆ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಹಿತ್ತಲೆಲ್ಲ ಬೆಳ್ಳಗೆ ಉದುರಿ, ವೈನಿ ಗುಡಿಸಿ ಗುಡಿಸಿ ಸಾಕಾದಳು. "ನಿನ್ನ ಪುಸ್ತಕ ಸುಳ್ಳಾತು ನೋಡು" ಎಂದು ಅವ್ವ ಬೇವುಬೆಲ್ಲ ಕೈಗಿಡುತ್ತ ನಕ್ಕಳು. ನಾನೂ ನಕ್ಕೆ. ಕೆಳಗೆ ಇಳಿಯಲಾಗದ ಊಟವೆಲ್ಲ ಮೇಲೆಯೇ ನಿಂತು ಹೂವಾಗಿದೆ ಎಂದು ನನಗೆ ಗೊತ್ತಿತ್ತು. ಪಾಠ ಕಲಿಸುವವನು ಪಾಠ ಸುಳ್ಳಾಗಲಿ ಎಂದು ಹರಕೆ ಹೊತ್ತ ವರ್ಷ ಅದು. ಕ್ಲಾಸಿನಲ್ಲಿ ಫ್ಲೋಯಂ ಬಂದಾಗ ಬೋರ್ಡಿನ ಕಡೆ ಮುಖ ಮಾಡಿ ಬೇಗ ಮುಗಿಸಿಬಿಟ್ಟೆ.

ಮರುವರ್ಷ ಎಲೆ ಉದುರಿದವು, ಮತ್ತೆ ಚಿಗುರಲಿಲ್ಲ. ಬೇಸಿಗೆ ಮುಗಿದು ಮಳೆ ಬಿದ್ದ ಮೇಲೂ ಅವ್ವ ದಿನಾ ಕೊಡ ತಂದು ಬೊಡ್ಡೆಗೆ ಸುರಿಯುತ್ತಿದ್ದಳು. ಟೊಂಗೆಗಳು ಮುರಿದು ಮೊಮ್ಮಕ್ಕಳು ಆಡುವಲ್ಲಿ ಬೀಳತೊಡಗಿದಾಗ ಅಣ್ಣ ಕಡಿಸಿದ. ಏನಾಗಿತ್ತು ಗಿಡಕ್ಕೆ ಎಂದು ಕೇಳಿದವರಿಗೆಲ್ಲ ಅವ್ವ ಹೇಳಿದ್ದು ಒಂದೇ ಮಾತು, "ವಯಸ್ಸಾಗಿತ್ತರಿ." ತೊಗಟೆಯ ಮಾತು ಆಕೆಯ ಬಾಯಿಂದ ಬರಲಿಲ್ಲ. ಚಾಚಾ ತಲೆ ತಗ್ಗಿಸಿ ಕೇಳಿಸಿಕೊಂಡ. ಅವನಿಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ.

ಇನ್ನೊಂದು ಮಾತಿದೆ, ಅದನ್ನು ಅವ್ವನಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನನ್ನ ಮೊಣಕಾಲು ವಾಸಿಯಾಗಲೇ ಇಲ್ಲ. ಚಾಚಾ ಕ್ಲಚ್ ಒತ್ತುತ್ತಾನೆ, ಓಣಿಯವರೆಲ್ಲ ಓಡಾಡುತ್ತಾರೆ, ನನ್ನಂಥ ಕೆಲವರಲ್ಲಿ ಮಾತ್ರ ಆ ನೋವು ಮನೆ ಮಾಡಿ ಕೂತಿದೆ. ಚಳಿಗಾಲದ ಬೆಳಿಗ್ಗೆ ಶೋಭಾ ಎಣ್ಣೆ ಬಿಸಿ ಮಾಡಿ ತಿಕ್ಕದೆ ನಾನು ಹಾಸಿಗೆಯಿಂದ ಏಳಲಾರೆ. "ಅತ್ತಿಯವ್ರಿಗೆ ಹೇಳಿಬಿಡ್ರಿ ಒಮ್ಮೆ" ಎನ್ನುತ್ತಾಳೆ. ಏನೆಂದು ಹೇಳಲಿ? ಆ ಗಿಡ ಯಾತಕ್ಕೂ ಆಗದೆ ಹೋಯಿತು ಎಂದು ಹೇಳಲೇ? ಅದನ್ನು ನೆನೆದಾಗಲೆಲ್ಲ ನನಗೆ ನೋವಿಗಿಂತ ಹೆಚ್ಚು ಸಂಕಟವಾಗುತ್ತದೆ.

ಹೀಗಾಗಿ ಮುರಗೋಡಕ್ಕೆ ಹೋದಾಗ ಊಟಕ್ಕೆ ಎಲ್ಲರ ಜೊತೆ ನೆಲದ ಮೇಲೆಯೇ ಕೂರುತ್ತೇನೆ. ವೈನಿ ಕುರ್ಚಿ ತಂದರೆ ಬೇಡ ಎನ್ನುತ್ತೇನೆ. ಊಟ ಮುಗಿದು ಏಳುವ ಹೊತ್ತಿಗೆ ಅವ್ವ ಮಾತು ನಿಲ್ಲಿಸುತ್ತಾಳೆ. ಆಕೆಯ ಕಣ್ಣು ನನ್ನ ಮುಖದ ಮೇಲೆ ಇರುವುದಿಲ್ಲ, ಮೊಣಕಾಲ ಮೇಲೆ ಇರುತ್ತದೆ. ನಾನು ಹಲ್ಲು ಕಚ್ಚಿ, ಕೈ ಊರದೆ, ಒಂದೇ ಸಲಕ್ಕೆ ಎದ್ದು ನಿಲ್ಲುತ್ತೇನೆ.

"ನೋಡು, ಹೆಂಗ ಎದ್ದಿ!" ಎನ್ನುತ್ತಾಳೆ ಅವ್ವ. ಆ ಹೊತ್ತಿನಲ್ಲಿ ಆಕೆಯ ಮುಖ ನೀವು ನೋಡಬೇಕು. "ಹೋದ್ರ ಹೋಗ್ಲಿ ಗಿಡ."

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತೇನೆ. ಹೊಸ್ತಿಲು ದಾಟಿದ ಕೂಡಲೇ ಕಾಲು ನಡುಗತೊಡಗುತ್ತವೆ. ಹಿಡಿದು ನಿಲ್ಲಲು ಏನಾದರೂ ಸಿಗಲೆಂದು ಕೈ ಚಾಚುತ್ತೇನೆ. ಅಲ್ಲಿ ಬರೀ ಬಿಸಿಲು ಬಿದ್ದಿರುತ್ತದೆ.